ಹಲಸಿನ ಮರದ ಕೆಳಗಿನ ಫಿಯಟ್: ಡಿಲೈಟಾ, ಪದ್ಮಿನಿಯಾ?

ಕೋಡಿಬಾಗದ ವಾಕರ್
ಡಾಕ್ಟರು ದಿನಾ ನಡೀರಿ ಅಂದರು. ಕಾರವಾರದ ಬೀಚಿಗೆ ಹೋದರೆ ಪರಿಚಯದವರೆಲ್ಲ ಸಿಕ್ಕಿ ನಡಿಗೆಗಿಂತ ಮಾತೇ ಜಾಸ್ತಿ. ಹಾಗಾಗಿ ಒಳ ಓಣಿ ಹಿಡಿದೆ. ಕೋಡಿಬಾಗ, ಕಾಜುಬಾಗ, ಹಬ್ಬುವಾಡ. ಎಷ್ಟು ಕಿಲೋಮೀಟರ್ ನಡೆದೆ ಅಂತ ಗೊತ್ತಿಲ್ಲ, ಹಳೇ ಕಾರಿನ ಲೆಕ್ಕ ಮಾತ್ರ ಪಕ್ಕಾ ಇದೆ. ಒಂದು ಕಾಂಟೆಸ್ಸಾ. ನಾಲ್ಕೂ ಟಯರು ನೆಲಕ್ಕೆ ಕೂತಿವೆ, ಬಂಪರ್ ಸಂದಿಯಿಂದ ಅಮೃತಬಳ್ಳಿ ಎದ್ದು ವೈಪರಿನವರೆಗೆ ಹಬ್ಬಿದೆ. ಒಂದು ಮೊದಲ ಮಾದರಿಯ ಮಾರುತಿ 800, ಡಬ್ಬಿ ಆಕಾರದ್ದು. ಅದು ಇನ್ನೂ ಓಡುತ್ತದೆ, ಹಿಂದಿನ ಸೀಟಿನಲ್ಲಿ ಯಾವಾಗ ನೋಡಿದರೂ ತೆಂಗಿನಕಾಯಿ. ಒಂದು ಗೋವಾ ನಂಬರಿನ ಸಿಯೆಲೊ.

ನನ್ನ ಪ್ರಶ್ನೆ ನಾಲ್ಕನೆಯದರದ್ದು. ಚಿರೆಕಲ್ಲಿನ ಕಂಪೌಂಡು, ಹಲಸಿನ ಮರ, ಅದರ ಕೆಳಗೆ ಕೆನೆಬಣ್ಣದ ಫಿಯಟ್. ಅರ್ಧ ಮೈಗೆ ನೀಲಿ ತಾಡಪಾಲು. ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದಿನ ಬಾಗಿಲಿಗೆ ತ್ರಿಕೋನದ ಮೂಲೆಗಾಜು. ಹೆಸರಿನ ಬ್ಯಾಡ್ಜು ಇಲ್ಲ, ಅದು ಇದ್ದ ಜಾಗದಲ್ಲಿ ಎರಡು ತೂತು. ನಂಬರು ‘ಎಂವೈ’ ಅಂತ ಶುರುವಾಗುತ್ತದೆ. ಇದು ಹಳೇ ಹೆಸರಿನ ಡಿಲೈಟಾ, ಆಮೇಲಿನ ಹೆಸರಿನ ಪದ್ಮಿನಿಯಾ? ಮನೆಯವರನ್ನು ಕೇಳಬಹುದಾ, ಇಲ್ಲಾ ನೋಡಿ ಸುಮ್ನೆ ಮುಂದೆ ಹೋಗೋದೇ ಮರ್ಯಾದೆಯಾ?

ತುಕ್ಕುಶತ್ರು
ಎಂವೈ ಅಂದರೆ ಮೈಸೂರು ರಾಜ್ಯ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು 1973ರ ನವೆಂಬರ್ 1ಕ್ಕೆ. ಪದ್ಮಿನಿ ಅನ್ನೋ ಹೆಸರು ಬಂದದ್ದು 1974ರಲ್ಲಿ. ಕಥೆ ಮುಗೀತು, ಅದು ಡಿಲೈಟ್.

ಎರಡನೇ ಪ್ರಶ್ನೆಗೂ ಉತ್ತರ ಹೇಳ್ತೇನೆ. ಕೇಳಿ, ಕೊಂಡುಕೊಳ್ಳಿ. ಅಂಥ ಕಾರನ್ನು ಮರದ ಕೆಳಗೆ ಕೊಳೆಯಲು ಬಿಡೋದು ಪಾಪ.

ಘಟ್ಟದ ಮೇಲಿನವ
ಅಷ್ಟು ಬೇಗ ತೀರ್ಪು ಬೇಡ ಮಾರಾಯ್ರೆ. ರಾಜ್ಯದ ಹೆಸರು ಬದಲಾದ ಮಾರನೇ ದಿನವೇ ನಂಬರಿನ ಅಕ್ಷರವೂ ಬದಲಾಯ್ತು ಅಂತ ಯಾರು ಹೇಳಿದರು? ಈಗಿನ ಕೆಎ ಪದ್ಧತಿ ಬಂದದ್ದು 1989ರ ಜುಲೈಯಲ್ಲಿ. ನಿಮ್ಮ ಕಾರವಾರದ ಕೆಎ-30 ಅಂತ ಇದ್ದರೆ ಕಾರು ಅದರ ನಂತರದ್ದು, ಇಲ್ಲವೇ ಆಮೇಲೆ ನಂಬರು ಬದಲಿಸಿದ್ದು ಅಂತ ಹೇಳಬಹುದು. ಎಂವೈ ನೋಡಿ ಹಳೇದು ಅನ್ನಬಹುದು, ವರ್ಷ ಹೇಳೋಕೆ ಬರಲ್ಲ.

ನಮ್ಮ ಶಿರಸಿ ಕಡೆ ಇಂಥ ಗೊಂದಲವೇ ಇಲ್ಲ. ಎಲ್ಲಾ ಜೀಪು. ಅಡಿಕೆ ಮೂಟೆ, ಅಡಿಕೆ ಕೊಯ್ಯೋ ಕೊನೆಗೌಡ, ಮದುವೆ ದಿಬ್ಬಣ ಎಲ್ಲ ಅದರಲ್ಲೇ. ನಮ್ಮ ಮನೆ ಜೀಪಿನಲ್ಲಿ ಮೂಲದ್ದು ಅಂತ ಉಳಿದಿರೋದು ಚಾಸಿ ಮತ್ತು ಅಪ್ಪಯ್ಯನ ಸಿಟ್ಟು.

ಗ್ಯಾರೇಜ್ ಮಗಳು
ನಮ್ಮಪ್ಪ ಕಾರವಾರದಲ್ಲಿ ಮೂವತ್ತು ವರ್ಷ ಫಿಯಟ್ ರಿಪೇರಿ ಮಾಡಿದವರು. ಗುರುತು ಹಿಡಿಯೋದು ಯಾಕೆ ಕಷ್ಟ ಅಂದರೆ ಆ ಮೈಯೇ ಬದಲಾಗಲಿಲ್ಲ. 1964ರಲ್ಲಿ ಬಂದ 1100ಡಿ, ಅಂದರೆ ಡಿಲೈಟ್, ಅದರ ಆಕಾರವೇ ಪದ್ಮಿನಿಯಾಗಿ ಸುಮಾರು 2000ದವರೆಗೆ ಓಡಿತು. ಎಂಜಿನ್ ಅದೇ 1089 ಸಿಸಿ. ಗ್ರಿಲ್, ದೀಪ, ಬ್ಯಾಡ್ಜು ಬದಲಾದವು, ಅಷ್ಟೇ. ಅದೂ ಮನೆಯವರು ಮುರಿದದ್ದಕ್ಕೆ ಸಿಕ್ಕಿದ್ದನ್ನು ಹಾಕಿಕೊಂಡಿರುತ್ತಾರೆ. ಅಪ್ಪನ ಕೈಯಲ್ಲೇ ಎಷ್ಟೋ ಡಿಲೈಟಿಗೆ ಪದ್ಮಿನಿಯ ಮುಖ ಬಂದಿದೆ. ಹೊರಗಿನಿಂದ ನೋಡಿ ಆಣೆ ಹಾಕಬೇಡಿ.

ಅದಕ್ಕಿಂತ ಹಿಂದಿನದು ಮಾತ್ರ ದೂರದಿಂದಲೇ ಗೊತ್ತಾಗುತ್ತೆ. ಐವತ್ತರ ದಶಕದ ಗುಂಡು ಮೈಯ ಫಿಯಟ್. ಮುಂಬೈಯವರು ಅದಕ್ಕೆ ‘ಡುಕ್ಕರ್’ ಅಂತಿದ್ದರು, ಅಂದರೆ ಹಂದಿ. ಮುಂದಿನ ಬಾಗಿಲು ಉಲ್ಟಾ ತೆರೆಯುತ್ತೆ, ಕೀಲು ಹಿಂದಕ್ಕೆ. ಸೀರೆ ಉಟ್ಟವರಿಗೆ ಇಳಿಯಲು ಅದೇ ಸಲೀಸು ಅಂತ ಅಜ್ಜಿ ಹೇಳ್ತಿದ್ದರು.

ತುಕ್ಕುಶತ್ರು ಅವರೇ, ಕೊಂಡುಕೊಳ್ಳಿ ಅನ್ನೋದು ಸುಲಭ. ಗ್ಯಾರೇಜಿಗೆ ಬಂದು ಅರ್ಧ ಬಿಚ್ಚಿದ ಮೇಲೆ ಹಣ ಮುಗಿದು, ಆಸೆ ಮುಗಿದು, ಫೋನ್ ಎತ್ತದೇ ಇರುವವರನ್ನು ನಾನು ನೋಡಿದ್ದೇನೆ. ಮರದ ಕೆಳಗೆ ಅದು ಇಡೀ ಕಾರಾಗಿ ಇತ್ತು. ಆಮೇಲೆ ಆರು ಡಬ್ಬಿ ಸಾಮಾನು.

ಅಘನಾಶಿನಿ
ಫೋಟೋ ಹಾಕಿಲ್ಲ ಅಲ್ವಾ? ಒಳ್ಳೇದು. ನಮ್ಮ ಮಾವನ ಮನೆ ಮುಂದಿನ ಹಳೇ ಜೀಪಿನ ಚಿತ್ರ ಯಾರೋ ಒಂದು ಗುಂಪಿನಲ್ಲಿ ಹಾಕಿದರು, ನಂಬರ್ ಸಮೇತ. ವಾರದೊಳಗೆ ಮೂವರು ದಲ್ಲಾಳಿಗಳು ಬಂದರು. ಒಬ್ಬ ನೇರ ಅಂಗಳಕ್ಕೆ ಬಂದು ಬಾನೆಟ್ಟಿಗೇ ಕೈ ಹಾಕಿದ. ಮಾವ ಆಗ ಊಟಕ್ಕೆ ಕೂತಿದ್ದರು.

ನೋಡೋದು ತಪ್ಪಲ್ಲ. ನಿಂತು ನೋಡೋದು, ಮನೆಯವರು ಕಂಡರೆ ನಗೋದು, ಮಾತಾಡಿದರೆ ಮಾತಾಡೋದು. ‘ಕೊಡ್ತೀರಾ’ ಅಂತ ಮೊದಲ ಮಾತಿಗೇ ಕೇಳಬಾರದು.

ಬೈತಖೋಲ ಬಾಬು
ಎಲ್ಲಾ ಸರಿ. ಓಮ್ನಿ ಯಾಕೆ ಯಾರ ಪಟ್ಟಿಯಲ್ಲೂ ಇಲ್ಲ? ನಮ್ಮ ಓಣಿಯಲ್ಲಿ ಒಂದಿದೆ, ಹಿಂದೆ ‘ಮಾರುತಿ ವ್ಯಾನ್’ ಅಂತ ಬರೆದಿದೆ. ಓಮ್ನಿ ಅಂತ ಹೆಸರು ಬಂದದ್ದು 1988ರಲ್ಲಿ, ಇದು ಅದಕ್ಕೆ ಮೊದಲಿನದು.

ತುಕ್ಕುಶತ್ರು
ಓಮ್ನಿ ಹಳೇ ಕಾರಾ? ಅದು ಸಾಮಾನು ಸಾಗಿಸೋ ಡಬ್ಬಿ.

ಬೈತಖೋಲ ಬಾಬು
1984ರಿಂದ 2019ರವರೆಗೆ ಮಾಡಿದರು ಸ್ವಾಮಿ. ಮೀನು, ಬಾಳೆಕಾಯಿ, ಮಂಡಲ ಪೂಜೆಯ ಪಾತ್ರೆ, ಆಸ್ಪತ್ರೆಗೆ ಹೋಗೋ ಬಸುರಿ, ಎಲ್ಲರೂ ಅದರಲ್ಲೇ ಹೋದದ್ದು. ಸೀಟಿನ ಕೆಳಗೇ ಎಂಜಿನ್ನು, ಮೇ ತಿಂಗಳಲ್ಲಿ ಕೂತವರಿಗೆ ಗೊತ್ತು. ನಿಮ್ಮ ಡಿಲೈಟ್ ಶೋಕಿಗೆ. ಓಮ್ನಿ ಹೊಟ್ಟೆಪಾಡಿಗೆ. ಎಲ್ಲಾ ದುಡಿದು ದುಡಿದು ಗುಜರಿಗೆ ಹೋದವು, ಹಾಗಾಗಿ 1988ಕ್ಕೆ ಮೊದಲಿನದು ಉಳಿದದ್ದು ನೋಡೋಕೆ ಸಿಗೋದೇ ಅಪರೂಪ.

ಘಟ್ಟದ ಮೇಲಿನವ
ಬಾಬು ಹೇಳಿದ್ದರಲ್ಲಿ ಹುರುಳಿದೆ. ಅಪರೂಪ ಅನ್ನೋದಾದರೆ ನಾನೊಂದು ಸೇರಿಸ್ತೇನೆ. ಸಣ್ಣವನಿದ್ದಾಗ ಶಿರಸಿ ಪೇಟೆಯಲ್ಲಿ ಒಂದು ಡಾಲ್ಫಿನ್ ನೋಡಿದ್ದೆ. ಬೆಂಗಳೂರಿನ ಸಿಪಾನಿ ಕಂಪನಿಯವರು ಎಂಬತ್ತರ ದಶಕದಲ್ಲಿ ಮಾಡಿದ ಪುಟ್ಟ ಕಾರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ, 848 ಸಿಸಿ ಎಂಜಿನ್, ಮೈಯೆಲ್ಲಾ ಫೈಬರ್. ಬೆರಳಲ್ಲಿ ಬಡಿದರೆ ಪ್ಲಾಸ್ಟಿಕ್ ಕೊಡದ ಸದ್ದು. ಕಾರವಾರದ ಉಪ್ಪುಗಾಳಿಗೆ ಅದೇ ಸರಿಯಾದ ಕಾರಾಗಿತ್ತು.

ಗ್ಯಾರೇಜ್ ಮಗಳು
ಮೈ ಫೈಬರ್, ಕೆಳಗಿನ ಚಾಸಿ ಕಬ್ಬಿಣವೇ. ತುಕ್ಕು ತನ್ನ ದಾರಿ ಹುಡುಕಿಕೊಳ್ಳುತ್ತೆ.

ತುಕ್ಕಿನ ಮಾತು ಬಂತು, ಹೇಳಿಬಿಡ್ತೇನೆ. ಆ ಫಿಯಟ್ಟಿಗೆ ಮಳೆಗಿಂತ ದೊಡ್ಡ ಶತ್ರು ಆ ನೀಲಿ ತಾಡಪಾಲು. ಮಳೆ ಬಂದು ಒಣಗಿದರೆ ಕಬ್ಬಿಣ ತಡೆಯುತ್ತೆ. ತಾಡಪಾಲಿನ ಒಳಗೆ ನೆಲದ ಆವಿ ಏರಿ, ತಗಡಿಗೆ ಹನಿ ಕಟ್ಟಿ, ಅಲ್ಲೇ ಕೂರುತ್ತೆ. ಜೊತೆಗೆ ಉಪ್ಪು. ಇನ್ನೊಂದು, ಬಾಗಿಲಿನ ಅಡಿ ಅಂಚಲ್ಲಿ ನೀರು ಇಳಿಯಲು ಸಣ್ಣ ತೂತು ಇರುತ್ತವೆ. ಎಲೆ, ಮಣ್ಣು ತುಂಬಿ ಅವು ಮುಚ್ಚಿಹೋದರೆ ಬಾಗಿಲೇ ಒಂದು ಪಾತ್ರೆ. ಗಾಜಿನ ಸಂದಿಯಲ್ಲಿ ಇಳಿದ ನೀರು ಒಳಗೇ ನಿಂತು, ಬಣ್ಣ ಚೆನ್ನಾಗಿ ಕಾಣ್ತಿರುವಾಗಲೇ ಒಳಗಿಂದ ತಿಂದುಬಿಡುತ್ತೆ. ನೋಡಲು ಹೋದವರು ಬಾನೆಟ್ ನೋಡಿ ಬರ್ತಾರೆ. ನೀವು ಬಗ್ಗಿ ಬಾಗಿಲಿನ ಅಡಿ ನೋಡಿ. ಅಲ್ಲಿ ಬಿಸ್ಕಿಟ್ಟಿನ ಹಾಗೆ ಪದರ ಎದ್ದಿದ್ದರೆ ಆಸೆ ಬಿಡಿ.

ಅದಕ್ಕೇ ಆ ತೆಂಗಿನಕಾಯಿ ಹೊರುವ 800 ನನಗೆ ಈ ಎಲ್ಲಕ್ಕಿಂತ ಇಷ್ಟ. ದಿನಾ ಓಡುತ್ತೆ, ಬಿಸಿಯಾಗುತ್ತೆ, ಒಣಗುತ್ತೆ.

ತುಕ್ಕುಶತ್ರು
ಹಾಗಾದರೆ ಓಡಿಸೋರ ಕೈಗೆ ಕೊಡಿ ಅಂತ ನಾನು ಹೇಳಿದ್ದೂ ಅದೇ ತಾನೇ! ಐವತ್ತು ವರ್ಷ ದಾಟಿದ್ದಕ್ಕೆ 2021ರಿಂದ ವಿಂಟೇಜ್ ನೋಂದಣಿ ಇದೆ.

ಅಘನಾಶಿನಿ
ಇದೆ. ಹೊಸ ನೋಂದಣಿಗೆ 20,000 ರೂಪಾಯಿ. ಮಾಡಿಸಿದ ಮೇಲೆ ದಿನಾ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ಸಾಮಾನ್ಯ ಕಾರಾಗಿಯೇ ಇಟ್ಟುಕೊಳ್ಳೋಣ ಅಂದರೆ ಮರುನೋಂದಣಿ ಶುಲ್ಕ 600 ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯ್ತು. 2025ರಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಮೇಲೆ ಹಸಿರು ತೆರಿಗೆ. ಓಡಿಸೋದೇ ಮದ್ದು ಅನ್ನೋದು ನಿಜ, ಆದರೆ ಪಿಂಚಣಿಯಲ್ಲಿ ಬದುಕೋರು ಮರದ ಕೆಳಗೆ ಯಾಕೆ ನಿಲ್ಲಿಸ್ತಾರೆ ಅಂತಲೂ ಸ್ವಲ್ಪ ಯೋಚಿಸಿ.

ಘಟ್ಟದ ಮೇಲಿನವ
ಈಗಿನ ಪೆಟ್ರೋಲಿನಲ್ಲಿ ಇಪ್ಪತ್ತು ಪರ್ಸೆಂಟ್ ಎಥೆನಾಲ್. ಹಳೇ ರಬ್ಬರ್ ಪೈಪು, ವಾಷರು ಅದಕ್ಕೆ ತಡೆಯಲ್ಲ. ಅದನ್ನೂ ಖರ್ಚಿಗೆ ಸೇರಿಸಿ.

ಕೋಡಿಬಾಗದ ವಾಕರ್
ಹೋಗಿದ್ದೆ!

ಅಘನಾಶಿನಿಯವರು ಹೇಳಿದ ಹಾಗೇ ಮಾಡಿದೆ. ನಿಂತೆ, ನೋಡಿದೆ. ಒಳಗಿಂದ ಒಬ್ಬರು ಹೆಂಗಸು, ಇಲ್ಲಿ ‘ಬಾಯಿ’ ಅಂತಾರೆ, ಬಂದರು, ಎಂಬತ್ತರ ಮೇಲಿನ ವಯಸ್ಸು. ಮೊದಲು ಕೊಂಕಣಿಯಲ್ಲಿ ಯಾರು ಬೇಕು ಅಂದರು, ಆಮೇಲೆ ನನ್ನ ಮುಖ ನೋಡಿ ಕನ್ನಡಕ್ಕೆ ಬಂದರು. ‘ನೀವೇ ಅಲ್ವಾ ದಿನಾ ಗೇಟಿನ ಹತ್ತಿರ ನಿಧಾನ ಮಾಡೋರು’ ಅಂತ ಕೇಳಿದರು. ಅಂದರೆ ಎರಡು ತಿಂಗಳಿಂದ ನಾನು ಕಾರು ನೋಡ್ತಿದ್ದೆ, ಅವರು ನನ್ನನ್ನು ನೋಡ್ತಿದ್ದರು.

ಡಿಲೈಟಾ ಅಂತ ಕೇಳಿದೆ. ಒಳಗೆ ಹೋಗಿ ತುಕ್ಕು ಹಿಡಿದ ಬಿಸ್ಕಿಟ್ ಡಬ್ಬಿ ತಂದರು. ಅದರಲ್ಲಿ ಆರ್‌ಸಿ ಪುಸ್ತಕ, ಮಡಿಕೆ ಹರಿದು ಸೆಲ್ಲೋಟೇಪ್ ಹಚ್ಚಿದ್ದು. 1973. ಕೆಳಗೆ ಹಳೇ ಪಂಚೆ ತುಂಡಿನಲ್ಲಿ ಸುತ್ತಿಟ್ಟ ಬ್ಯಾಡ್ಜು, ಹಿಂದೆ ಎರಡು ಮೊಳೆ, ಆ ಎರಡು ತೂತಿನದ್ದೇ. ಬೀದಿ ಹುಡುಗರು ಕಿತ್ತಾರು ಅಂತ ಯಜಮಾನರೇ ತೆಗೆದಿಟ್ಟದ್ದಂತೆ. ಅದರ ಮೇಲಿದ್ದದ್ದು ಡಿಲೈಟ್ ಅಲ್ಲ, ಪದ್ಮಿನಿಯೂ ಅಲ್ಲ. ‘ಪ್ರೆಸಿಡೆಂಟ್’.

ಗ್ಯಾರೇಜ್ ಮಗಳು
ಅಯ್ಯೋ! ನಾವ್ಯಾರೂ ಹೇಳಲೇ ಇಲ್ಲ. ಫಿಯಟ್ ಹೆಸರು ಬಿಟ್ಟ ಮೇಲೆ, ಪದ್ಮಿನಿ ಅಂತ ಇಡೋ ಮೊದಲು, ಸ್ವಲ್ಪ ಕಾಲ ಅದು ಪ್ರೀಮಿಯರ್ ಪ್ರೆಸಿಡೆಂಟ್. ಅಪ್ಪನಿಗೆ ಹೇಳಿದೆ. ‘ಮೊದಲೇ ನನ್ನನ್ನು ಕೇಳಬಾರದಿತ್ತಾ’ ಅಂದರು.

ಬೈತಖೋಲ ಬಾಬು
ಎಲ್ಲರೂ ಸೋತಿರಿ. ಓಮ್ನಿಗೆ ಹಿಂದೇನೇ ಹೆಸರು ಬರೆದಿತ್ತು.

ತುಕ್ಕುಶತ್ರು
ಸೋತೆ, ಒಪ್ಪಿದೆ. ಆದರೆ ಎಂವೈ ಲೆಕ್ಕ ತಪ್ಪಿರಲಿಲ್ಲ, 1973 ಅಲ್ವಾ! ಕೊಡ್ತಾರಂತಾ?

ಕೋಡಿಬಾಗದ ವಾಕರ್
ಕೇಳಲಿಲ್ಲ. ಅವರೇ ಹೇಳಿದರು, ಕೊಡಲ್ಲ ಅಂತ. ಯಾಕೆ ಅಂತಲೂ ನಾನು ಕೇಳಲಿಲ್ಲ. ಬಾಗಿಲಿನ ಅಡಿ ಬಗ್ಗಿ ನೋಡಿದೆ. ಎಡಗಡೆಯದು ಬಿಸ್ಕಿಟ್, ಬಲಗಡೆ ಪರವಾಗಿಲ್ಲ. ತೂತುಗಳನ್ನು ಒಂದು ಕಡ್ಡಿಯಲ್ಲಿ ಚುಚ್ಚಿದೆ, ಕಪ್ಪು ನೀರು ಮತ್ತೆ ಒಂದು ಎರೆಹುಳ ಬಂತು.

ಗ್ಯಾರೇಜ್ ಮಗಳು
ಹಾಗಾದರೆ ಇನ್ನೂ ಕಾಲ ಇದೆ. ತಾಡಪಾಲು ತೆಗೆಸಿ, ನಾಲ್ಕು ಕಂಬ ನೆಟ್ಟು ಮೇಲೆ ಶೀಟ್ ಹಾಕಿಸಿ. ಅಪ್ಪ ಒಂದು ದಿನ ಬರ್ತಾರಂತೆ. ಪ್ಲಗ್ ತೆಗೆದು ಆ ತೂತಿಗೆ ಎರಡು ಚಮಚ ಆಯಿಲ್ ಬಿಟ್ಟು, ಕೈಯಲ್ಲೇ ಎಂಜಿನ್ ತಿರುಗುತ್ತಾ ನೋಡೋಣ. ಅದಕ್ಕೂ ಮೊದಲು ಯಾರೂ ಸೆಲ್ಫ್ ಹೊಡೀಬೇಡಿ. ಯಾವಾಗ ಬರಬಹುದು?

ಕೋಡಿಬಾಗದ ವಾಕರ್
ತಾಡಪಾಲು ತೆಗೆಯಲು ಬಾಯಿ ಒಪ್ಪಿದ್ದಾರೆ. ಆದರೆ ಈಗಲೇ ಬೇಡವಂತೆ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿದೆ. ಇನ್ನೂ 12 ದಿನ.