ವ್ಯಸನಮುಕ್ತಿ ಸೇವೆಯ ಸಿಬ್ಬಂದಿಯನ್ನು ನಡೆಸುವುದು ಹೇಗೆ: ಎಲ್ಲರಿಗೂ ಒಂದೇ ನಿಯಮ ಸರಿಯೇ?

ಪ್ರಶ್ನೆ: ನಿವೃತ್ತ ಮೇಷ್ಟ್ರು, ಉಡುಪಿ ಜಿಲ್ಲೆ

ಪ್ರಭುವಿನಲ್ಲಿ ಎಲ್ಲರಿಗೂ ವಂದನೆಗಳು. 30 ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿ, ಕೊನೆಯ 9 ವರ್ಷ ಮುಖ್ಯೋಪಾಧ್ಯಾಯನಾಗಿದ್ದು ನಿವೃತ್ತನಾದ ನಾನು, ಹಿರಿಯರ ಮಾತಿಗೆ ಒಪ್ಪಿ, ನಮ್ಮ ಕ್ರೈಸ್ತ ಸಭೆಯು ನಡೆಸುತ್ತಿರುವ 18 ಹಾಸಿಗೆಗಳ ವ್ಯಸನಮುಕ್ತಿ ಕೇಂದ್ರದ ಮೇಲ್ವಿಚಾರಣೆಯನ್ನು ಕಳೆದ ಜೂನ್‌ನಲ್ಲಿ ವಹಿಸಿಕೊಂಡೆ. ನನಗಿಂತ ಮೊದಲು ಇದ್ದ ಪಾಸ್ಟರ್ ಅವರು 14 ವರ್ಷ ಮನೆಯ ಯಜಮಾನರಂತೆ ಎಲ್ಲವನ್ನೂ ತಾವೇ ನಿರ್ಧರಿಸುತ್ತಿದ್ದರು. ಯಾರಿಗೆ ಎಷ್ಟು ಹೇಳಬೇಕೆಂಬುದು ಅವರ ತಲೆಯಲ್ಲಿತ್ತು, ಬರಹದಲ್ಲಿ ಏನೂ ಇರಲಿಲ್ಲ. ನಾನು ಬಂದವನೇ ಶಾಲೆಯ ಅಭ್ಯಾಸದಂತೆ ಎಲ್ಲರಿಗೂ ಒಂದೇ ನಿಯಮ ಮಾಡಿದೆ. ಪ್ರತಿಯೊಬ್ಬರೂ ಪಾಳಿ ಮುಗಿದಾಗ ವರದಿ ಬರೆದು ಸಹಿ ಹಾಕಬೇಕು, ಸಣ್ಣಪುಟ್ಟ ವಿಷಯಗಳನ್ನು ತಮ್ಮ ವಿವೇಚನೆಯಿಂದಲೇ ತೀರ್ಮಾನಿಸಬೇಕು. ಭೇದಭಾವ ಇರಬಾರದು ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು.

ನಾಲ್ಕು ತಿಂಗಳಲ್ಲಿ ಆದದ್ದು ಹೀಗಿದೆ. ಸಂಜೆಯ ಗುಂಪು ಸಭೆಯನ್ನು ನಡೆಸುವ ನಮ್ಮ ಹಿರಿಯ ಸಹೋದರರು ಮೀನುಗಾರಿಕೆಯ ದೋಣಿಯಲ್ಲಿ ದುಡಿದವರು. ಇದೇ ಕೇಂದ್ರದಲ್ಲಿ ಕುಡಿತ ಬಿಟ್ಟು 11 ವರ್ಷವಾಯಿತು. ಅವರು ಸಾಕ್ಷಿ ಹೇಳಲು, ಅಂದರೆ ದೇವರು ತಮ್ಮನ್ನು ಕುಡಿತದಿಂದ ಬಿಡಿಸಿದ ಕಥೆ ಹೇಳಲು ನಿಂತರೆ, ಬಂದ ದಿನದಿಂದ ಗೋಡೆಗೆ ಮುಖ ಮಾಡಿ ಮಲಗಿದ್ದವನೂ ಎದ್ದು ಕೂರುತ್ತಾನೆ. ಆದರೆ ಐದನೆಯ ತರಗತಿಗೆ ಶಾಲೆ ಬಿಟ್ಟ ಅವರ ಕೈಗೆ ವರದಿಯ ಪುಸ್ತಕ ಕೊಟ್ಟಾಗ, ಮುಕ್ಕಾಲು ಗಂಟೆ ಪೆನ್ನು ಹಿಡಿದು ಕುಳಿತು, ದಿನಾಂಕವನ್ನು ಮಾತ್ರ ಬರೆದ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಅಂದಿನಿಂದ ಅವರು ನನ್ನೊಡನೆ ಬೇಕಾದಷ್ಟೇ ಮಾತನಾಡುತ್ತಾರೆ. ಇನ್ನೊಬ್ಬ ಯುವಕ ಕುಡಿತ ಬಿಟ್ಟು 8 ತಿಂಗಳಾಗಿದೆ, ರಾತ್ರಿ ಪಾಳಿಯಲ್ಲಿದ್ದಾನೆ. ಒಂದು ರಾತ್ರಿ ನಿವಾಸಿಯೊಬ್ಬರು ತಾಯಿಗೆ ಹುಷಾರಿಲ್ಲ, ರಸ್ತೆಗೆ ಹೋಗಿ ಫೋನ್ ಮಾಡಿ ಬರುತ್ತೇನೆ ಎಂದಾಗ ಇವನು ಕನಿಕರದಿಂದ ಗೇಟು ತೆರೆದ. ಅವರು ಎರಡು ಗಂಟೆಯ ನಂತರ ಕುಡಿದು ಮರಳಿದರು. ಬೆಳಗಿನ ಜಾವ ನಾನು ಹೋಗಿ ನೋಡಿದರೆ ಯುವಕ ಅಡುಗೆಮನೆಯ ಮೆಟ್ಟಿಲ ಮೇಲೆ ಅಳುತ್ತಾ ಕುಳಿತಿದ್ದ. ಇನ್ನು ನಮ್ಮ ಆಪ್ತಸಮಾಲೋಚಕಿ ಎಂ.ಎಸ್‌.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಬಂದ ಹುಡುಗಿ, ವಿಷಯ ಚೆನ್ನಾಗಿ ಬಲ್ಲಳು, ಆದರೆ ಪ್ರತಿಯೊಂದು ಕಡತವನ್ನೂ ಹಿಡಿದುಕೊಂಡು ನನ್ನ ಬಳಿಗೇ ಬರುತ್ತಾಳೆ.

ಒಬ್ಬೊಬ್ಬರೊಡನೆ ಒಂದೊಂದು ರೀತಿ ನಡೆದುಕೊಂಡರೆ ಅದು ಪಕ್ಷಪಾತವಾಗುವುದಿಲ್ಲವೇ? ಇಂಥ ಸೇವೆಯಲ್ಲಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಸಭಾಪಾಲಕ, ಧಾರವಾಡ

ಮೇಷ್ಟ್ರೇ, ವಂದನೆಗಳು. ತಾವು ಕೊನೆಯಲ್ಲಿ ಕೇಳಿದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಸತ್ಯವೇದದಲ್ಲಿ ಅಪೊಸ್ತಲನಾದ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದ 14ನೆಯ ವಚನವನ್ನು ಮತ್ತೊಮ್ಮೆ ತೆರೆದು ನೋಡಬೇಕೆಂದು ಕೋರುತ್ತೇನೆ. ಕ್ರಮ ತಪ್ಪಿ ನಡೆಯುವವರಿಗೆ ಎಚ್ಚರಿಕೆ, ಮನಗುಂದಿದವರಿಗೆ ಧೈರ್ಯ, ಬಲವಿಲ್ಲದವರಿಗೆ ಆಸರೆ, ಹೀಗೆ ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೇರೆಯಾಗಿಯೇ ಇದೆ. ಎಲ್ಲರಿಗೂ ಸಮನಾಗಿ ಸಲ್ಲಬೇಕಾದದ್ದು ತಾಳ್ಮೆ ಮಾತ್ರ. ಮನಗುಂದಿದವನಿಗೆ ಎಚ್ಚರಿಕೆಯನ್ನೂ ಕ್ರಮ ತಪ್ಪಿದವನಿಗೆ ಬರಿಯ ಧೈರ್ಯವನ್ನೂ ಕೊಟ್ಟರೆ ಇಬ್ಬರೂ ಕೆಡುತ್ತಾರೆ. ಹಾಗಾಗಿ ಭೇದವಿಲ್ಲದೆ ಪ್ರೀತಿಸುವುದಕ್ಕೂ ಒಂದೇ ಅಳತೆಯಲ್ಲಿ ಕೆಲಸ ಹಂಚುವುದಕ್ಕೂ ವ್ಯತ್ಯಾಸವಿದೆ.

ಆಡಳಿತಶಾಸ್ತ್ರದವರೂ ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದಾರೆ. 1969ರಲ್ಲಿ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಮುಂದಿಟ್ಟ ವಿಚಾರದ ಪ್ರಕಾರ, ಕೆಲಸಗಾರನಿಗೆ ಆ ಕೆಲಸದಲ್ಲಿ ಎಷ್ಟು ತಿಳಿವಳಿಕೆಯಿದೆ, ಎಷ್ಟು ಮನಸ್ಸು ಮತ್ತು ಧೈರ್ಯವಿದೆ ಎಂಬುದನ್ನು ನೋಡಿಕೊಂಡು ಮುಂದಾಳು ತನ್ನ ರೀತಿಯನ್ನು ಬದಲಿಸಬೇಕು. ಏನೂ ತಿಳಿಯದವನಿಗೆ ಹೆಜ್ಜೆ ಹೆಜ್ಜೆಗೂ ಹೇಳಿಕೊಡಬೇಕು. ಸ್ವಲ್ಪ ತಿಳಿದವನಿಗೆ ಕಾರಣವನ್ನೂ ವಿವರಿಸಬೇಕು. ತಿಳಿದೂ ಹಿಂಜರಿಯುವವನ ಜೊತೆಯಲ್ಲಿ ಕೂರಬೇಕು. ತಿಳಿದು ಧೈರ್ಯವೂ ಇರುವವನಿಗೆ ಕೆಲಸ ಒಪ್ಪಿಸಿ ಹಿಂದೆ ಸರಿಯಬೇಕು. ಈ ಸಿದ್ಧಾಂತಕ್ಕೆ ಸಂಶೋಧಕರ ಆಕ್ಷೇಪಗಳಿವೆ, ಅದನ್ನು ವೇದವಾಕ್ಯವೆಂದು ತಿಳಿಯಬೇಕಾಗಿಲ್ಲ. ಆದರೆ ಅದರಲ್ಲಿರುವ ಒಂದು ಅಂಶ ನನ್ನ ಸೇವೆಯಲ್ಲಿ ಬಹಳ ಉಪಯೋಗಕ್ಕೆ ಬಂದಿದೆ. ಅಲ್ಲಿ ಅಳೆಯುವುದು ಮನುಷ್ಯನನ್ನಲ್ಲ, ಒಂದು ನಿರ್ದಿಷ್ಟ ಕೆಲಸದಲ್ಲಿ ಅವನಿಗಿರುವ ಸಿದ್ಧತೆಯನ್ನು. ತಮ್ಮ ಹಿರಿಯ ಸಹೋದರರು ಸಂಜೆಯ ಸಭೆಯಲ್ಲಿ ಪೂರ್ಣ ಸಿದ್ಧರು, ಅಲ್ಲಿ ಅವರನ್ನು ಅವರ ಪಾಡಿಗೆ ಬಿಟ್ಟುಬಿಡಬೇಕು. ವರದಿ ಬರೆಯುವುದರಲ್ಲಿ ಅವರು ಒಂದನೆಯ ತರಗತಿಯ ಮಗುವಿನಂತೆ, ಅಲ್ಲಿ ಯಾರಾದರೂ ಪಕ್ಕದಲ್ಲಿ ಕೂರಬೇಕು. ತಾವು ಅವರಿಗೆ ಇದರ ತದ್ವಿರುದ್ಧವಾಗಿ ಮಾಡಿದಂತಾಯಿತು.

ನಾನೂ ಇಂಥ ತಪ್ಪನ್ನೇ ಮಾಡಿದ್ದೇನೆ. ನಮ್ಮ ಕೇಂದ್ರದಲ್ಲಿ ಒಬ್ಬರ ಸಾಕ್ಷಿಯನ್ನು ಕೇಳಿ ಕೇಳಿ ಮನಸ್ಸು ತುಂಬಿ, ಅವರ ಕೈಗೆ ಅಡುಗೆಮನೆಯ ಲೆಕ್ಕವನ್ನೂ ಕೊಟ್ಟೆ. ಅವರು ಕದಿಯಲಿಲ್ಲ, ಆದರೆ ಲೆಕ್ಕ ಬಾರದೆ, ಬಾರದೆಂದು ಹೇಳಲು ನಾಚಿಕೆಪಟ್ಟು, ಎರಡು ತಿಂಗಳು ಕೈಯಿಂದಲೇ ಹಣ ತುಂಬಿದರು. ಸಾಕ್ಷಿ ದೊಡ್ಡದಾಗಿದ್ದರೆ ಎಲ್ಲ ಕೆಲಸವೂ ಬರುತ್ತದೆ ಎಂದು ನಾವು ಸೇವೆಯಲ್ಲಿರುವವರು ಬಹಳ ಬೇಗ ನಂಬಿಬಿಡುತ್ತೇವೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಕುಡಿತದಿಂದ ನರಳಿದ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಎದುರುಬದುರು ಕುಳಿತು ಮಾತನಾಡಿದಾಗಿನಿಂದ, ಕುಡಿತವನ್ನು ಅನುಭವಿಸಿದವನ ಮಾತು ಕುಡಿಯುವವನಿಗೆ ನಾಟುತ್ತದೆ ಎಂಬುದು ಲೋಕಕ್ಕೆ ತಿಳಿದಿದೆ, ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ) ಬೆಳೆದದ್ದೇ ಅದರ ಮೇಲೆ. ಆದರೆ ಆ ಶಕ್ತಿ ಮಾತು ನಾಟಿಸುವ ಶಕ್ತಿ. ಲೆಕ್ಕ, ವರದಿ, ಪಾಳಿಯ ಹಂಚಿಕೆ ಇವುಗಳನ್ನು ಬೇರೆಯಾಗಿ ಕಲಿಸಲೇಬೇಕಾಗುತ್ತದೆ.

ಪಕ್ಷಪಾತದ ಅನುಮಾನ ಬಾರದಂತೆ ಇರಬೇಕಾದರೆ, ಯಾರನ್ನು ಏಕೆ ಹಾಗೆ ನಡೆಸುತ್ತಿದ್ದೀರಿ ಎಂಬುದನ್ನು ಆ ವ್ಯಕ್ತಿಗೇ ಬಾಯಿಬಿಟ್ಟು ಹೇಳಿಬಿಡಿ. ಮನಸ್ಸಿನಲ್ಲಿಟ್ಟುಕೊಂಡು ಮಾಡಿದಾಗಲೇ ಜಗಲಿಯಲ್ಲಿ ಗುಸುಗುಸು ಹುಟ್ಟುವುದು.

ಉತ್ತರ 2: ಶುಶ್ರೂಷಕಿ, ಬೆಂಗಳೂರು

ಧಾರವಾಡದ ಪಾಸ್ಟರ್ ಅವರ ಮಾತುಗಳು ಸರಿಯಾಗಿವೆ, ಆದರೆ ರೀತಿಯನ್ನು ಬದಲಿಸಲೇಬಾರದ ಜಾಗಗಳೂ ಇವೆ ಎಂಬುದನ್ನು ವ್ಯಸನ ಚಿಕಿತ್ಸೆಯ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳಾಗಿ ಸೇರಿಸುತ್ತೇನೆ. ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದಾಗ, ಕೈನಡುಕ, ಬೆವರು ಕೆಲವೇ ಗಂಟೆಗಳಲ್ಲಿ ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ದಿಕ್ಕುದೆಸೆ ತಿಳಿಯದೆ, ಇಲ್ಲದ್ದು ಕಣ್ಣಿಗೆ ಕಂಡು, ಜೀವಕ್ಕೇ ಅಪಾಯವಾಗುವ ಸ್ಥಿತಿ ಬರಬಹುದು. ಆ ದಿನಗಳಲ್ಲಿ ರಾತ್ರಿ ಪಾಳಿಯವರು 11 ವರ್ಷದ ಅನುಭವಿಯಾಗಿರಲಿ, 8 ತಿಂಗಳವನಾಗಿರಲಿ, ತಮ್ಮ ವಿವೇಚನೆಯನ್ನು ಬಳಸಬಾರದು. ಯಾವ ಲಕ್ಷಣ ಕಂಡರೆ ಯಾರನ್ನು ಎಬ್ಬಿಸಬೇಕು, ಯಾವಾಗ ಆಸ್ಪತ್ರೆಗೆ ಹೊರಡಬೇಕು ಎಂಬುದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿರಬೇಕು, ಔಷಧಿಯ ಕಪಾಟಿನ ಕೀಲಿ ಶುಶ್ರೂಷಕಿಯ ಬಳಿ ಮಾತ್ರ ಇರಬೇಕು.

ಅದರ ಜೊತೆಗೇ, ತಮ್ಮ ಶುಶ್ರೂಷಕಿಗೆ ಅವರ ಕೆಲಸದಲ್ಲಿ ಯಾರೂ ಅಡ್ಡ ಬಾರದಂತೆ ತಾವು ನಿಲ್ಲಬೇಕು. ಗ್ಲೂಕೋಸ್ ಏರಿಸುವ ಮೊದಲು ಥಯಮಿನ್ (ಬಿ1 ವಿಟಮಿನ್) ಕೊಡಬೇಕೆಂದು ನಾನು ಪಟ್ಟು ಹಿಡಿದಾಗ, ಇಷ್ಟೆಲ್ಲ ಮದ್ದು ಏಕೆ, ಪ್ರಾರ್ಥಿಸೋಣ ಎಂದವರಿದ್ದರು. ನಾನೂ ಪ್ರಾರ್ಥಿಸುವವಳೇ, ಆದರೆ ಆ ರಾತ್ರಿ ಮೇಲ್ವಿಚಾರಕರು ನನ್ನ ಮಾತಿಗೆ ಬೆಂಬಲ ಕೊಡದಿದ್ದರೆ ಮರುದಿನ ನಾನು ಕೆಲಸ ಬಿಡುತ್ತಿದ್ದೆ.

ಗೇಟಿನ ವಿಷಯವನ್ನೂ ಹೇಳಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳೂ ಬರುತ್ತವೆ. ಆ ಕಾಯ್ದೆಯಡಿ ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ, ಒಂಟಿಯಾಗಿ ಕೂಡಿಹಾಕುವಂತಿಲ್ಲ. ಸ್ವಇಚ್ಛೆಯಿಂದ ಸೇರಿದವರು ಹೊರಡುತ್ತೇನೆಂದರೆ ಏನು ಮಾಡಬೇಕೆಂಬುದು ವೈದ್ಯರ ಪ್ರಶ್ನೆ, ಕಾನೂನಿನ ಪ್ರಶ್ನೆ. ಅದನ್ನು ರಾತ್ರಿ ಹನ್ನೊಂದು ಗಂಟೆಗೆ ಆ ಯುವಕನೊಬ್ಬನ ತಲೆಯ ಮೇಲೆ ಹೊರಿಸಿದ್ದು ಸರಿಯಾಗಲಿಲ್ಲ. ಅವನಿಗೆ ಬೇಕಾಗಿದ್ದದ್ದು "ನಾನು ತೆರೆಯುವುದಿಲ್ಲ, ಸರ್ ಅವರನ್ನು ಕರೆಯುತ್ತೇನೆ" ಎಂದು ಹೇಳಲು ಒಂದು ಆಜ್ಞೆ. ಆಜ್ಞೆಯ ಹಿಂದೆ ನಿಲ್ಲಲು ಅವಕಾಶ ಸಿಕ್ಕಿದ್ದರೆ ಅವನಿಗೆ ನೆಮ್ಮದಿ ಇರುತ್ತಿತ್ತು.

ಉತ್ತರ 3: ಬಿಡುಗಡೆಯಾದವನು, ಶಿವಮೊಗ್ಗ

ನಾನು ಕುಡಿತ ಬಿಟ್ಟು 13 ವರ್ಷವಾಯಿತು, 10 ವರ್ಷದಿಂದ ಇಂಥದೇ ಒಂದು ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ಪಾಸ್ಟರ್ ಅವರ ಒಂದು ಮಾತನ್ನು ಮಾತ್ರ ಗೌರವದಿಂದಲೇ ಒಪ್ಪದೆ ಬರೆಯುತ್ತಿದ್ದೇನೆ. ಹಿರಿಯ ಸಹೋದರರನ್ನು ಸಂಜೆಯ ಸಭೆಯಲ್ಲಿ ಅವರ ಪಾಡಿಗೆ ಬಿಟ್ಟುಬಿಡಿ ಎಂದಿದ್ದೀರಿ. ಕೆಲಸವನ್ನು ಬಿಡಿ, ಮನುಷ್ಯನನ್ನು ಬಿಡಬೇಡಿ. ನನಗೆ ಆರನೆಯ ವರ್ಷದಲ್ಲಿ ಅದೇ ಆಯಿತು. ಎಲ್ಲರೂ ನನ್ನನ್ನು ಮಾದರಿ ಎಂದು ತೋರಿಸುತ್ತಿದ್ದರು, ಅದರಿಂದಾಗಿ ನೀನು ಹೇಗಿದ್ದೀಯಾ ಎಂದು ಕೇಳುವವರೇ ಇಲ್ಲದಾದರು. ದಿನಕ್ಕೆ ಎರಡು ಬಾರಿ ನನ್ನ ಹಳೆಯ ಗಾಯವನ್ನು ತೆರೆದು ಇತರರಿಗೆ ತೋರಿಸಿ, ರಾತ್ರಿ ಕೋಣೆಗೆ ಬಂದು ಒಬ್ಬನೇ ಕೂರುತ್ತಿದ್ದೆ. ಒಂದು ದಿನ ಬಸ್ ನಿಲ್ದಾಣದ ಎದುರಿನ ವೈನ್‌ಶಾಪಿನ ಮುಂದೆ ಇಪ್ಪತ್ತು ನಿಮಿಷ ನಿಂತಿದ್ದೆ, ಒಳಗೆ ಹೋಗಲಿಲ್ಲ. ಮರುದಿನ ಬೆಳಗಿನ ಧ್ಯಾನವನ್ನು ನಾನೇ ನಡೆಸಿಕೊಟ್ಟೆ, ಯಾರಿಗೂ ಏನೂ ತಿಳಿಯಲಿಲ್ಲ. ಈಗ ನಮ್ಮ ಮೇಲ್ವಿಚಾರಕರು ಪ್ರತಿ ಸೋಮವಾರ ನಮ್ಮಂಥ ನಾಲ್ವರನ್ನು ಒಬ್ಬೊಬ್ಬರನ್ನಾಗಿ ಕರೆದು ನಾಲ್ಕು ಮಾತು ಕೇಳುತ್ತಾರೆ: ಊಟ ಸರಿಯಾಗಿ ಆಗುತ್ತಿದೆಯೇ, ಯಾರ ಮೇಲಾದರೂ ಕೋಪವಿದೆಯೇ, ಒಂಟಿತನ ಕಾಡುತ್ತಿದೆಯೇ, ದಣಿದಿದ್ದೀರಾ? ಹಸಿವು, ಕೋಪ, ಒಂಟಿತನ, ದಣಿವು, ಈ ನಾಲ್ಕು ನಮ್ಮನ್ನು ಮತ್ತೆ ಬಾಟಲಿಯ ಬಳಿಗೆ ಒಯ್ಯುತ್ತವೆ ಎಂಬುದು ಎ.ಎ. ಸಭೆಗಳಿಗೆ ಹೋದವರಿಗೆಲ್ಲ ತಿಳಿದ ವಿಷಯ.

ಇದೇ ಕಾರಣಕ್ಕೆ ಆ ಯುವಕನನ್ನು ರಾತ್ರಿ ಪಾಳಿಯಿಂದ ತೆಗೆಯಿರಿ ಎಂದು ಬೇಡಿಕೊಳ್ಳುತ್ತೇನೆ. ಎಂಟು ತಿಂಗಳಲ್ಲಿ ನಿದ್ದೆ ಇನ್ನೂ ಕೂಡಿಬಂದಿರುವುದಿಲ್ಲ. ನಿದ್ದೆಗೆಟ್ಟ ಮನುಷ್ಯನಿಗೆ ಕತ್ತಲೆಯಲ್ಲಿ ಇನ್ನೊಬ್ಬನ ಗೋಳು ಕೇಳಿದರೆ ತನ್ನದೇ ಗೋಳು ಎನಿಸುತ್ತದೆ. ಹಗಲಿನಲ್ಲಿ ಹಿರಿಯರೊಬ್ಬರ ಜೊತೆ ಜೋಡಿಯಾಗಿ ಹಾಕಿ. ಆದರೆ ಎಲ್ಲರೆದುರು ಕೀಲಿ ಕಸಿದುಕೊಂಡು ಹಾಗೆ ಮಾಡಬೇಡಿ. ಮೊದಲು ಅವನನ್ನು ಕೂರಿಸಿಕೊಂಡು, "ತಪ್ಪು ನಿನ್ನದಲ್ಲ, ಪಾಳಿ ಹಂಚಿದ ನನ್ನದು" ಎಂದು ತಾವು ಹೇಳಿದರೆ ಅವನು ಉಳಿಯುತ್ತಾನೆ. ಸತ್ಯವೇದದಲ್ಲಿ, ಸೇವೆಯ ಪ್ರಯಾಣದ ನಡುವೆ ಪಂಫುಲ್ಯ ಎಂಬ ಸೀಮೆಯಲ್ಲಿ ಜೊತೆ ಬಿಟ್ಟು ಹಿಂದಿರುಗಿದ ಮಾರ್ಕನನ್ನು ಪೌಲನು ಮತ್ತೆ ಕರೆದೊಯ್ಯಲು ಒಪ್ಪಲಿಲ್ಲ. ಪೌಲನ ಜೊತೆಗಾರನಾಗಿದ್ದ ಬಾರ್ನಬನು ಅವನನ್ನು ಕುಪ್ರ ದ್ವೀಪಕ್ಕೆ ಕರೆದುಕೊಂಡು ಹೋದನು. ಅದೇ ಪೌಲನು ಮುಂದೆ ತಿಮೊಥೆಯನಿಗೆ ಬರೆಯುವಾಗ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯೋಗವಾಗುವವನು ಎನ್ನುತ್ತಾನೆ. ನಡುವಿನ ವರ್ಷಗಳಲ್ಲಿ ಏನಾಯಿತೆಂದು ಸತ್ಯವೇದ ವಿವರವಾಗಿ ಹೇಳುವುದಿಲ್ಲ, ಆದರೆ ಬಾರ್ನಬನಂಥವರು ನನಗೂ ಒಬ್ಬರಿದ್ದರು, ಆದ್ದರಿಂದ ನಾನು ಊಹಿಸಬಲ್ಲೆ.

ಪ್ರಶ್ನೆ ಕೇಳಿದವರಿಂದ: ಮೂರು ವಾರಗಳ ನಂತರ

ಮೂವರಿಗೂ ಹೃದಯದಿಂದ ಕೃತಜ್ಞನಾಗಿದ್ದೇನೆ. ಶಿವಮೊಗ್ಗದ ಸಹೋದರರು ಹೇಳಿದಂತೆ ಯುವಕನ ಬಳಿ ನಾನೇ ತಪ್ಪು ಒಪ್ಪಿಕೊಂಡೆ. ಅವನು ಈಗ ಬೆಳಗಿನ ಪಾಳಿಯಲ್ಲಿ, ತರಕಾರಿ ತರುವುದರಿಂದ ಹಿಡಿದು ಎಲ್ಲದಕ್ಕೂ ಹಿರಿಯ ಸಹೋದರರ ಜೊತೆಯಲ್ಲಿದ್ದಾನೆ. ರಾತ್ರಿ ಪಾಳಿಯವರಿಗೆ ಶುಶ್ರೂಷಕಿಯೇ ಬರೆದುಕೊಟ್ಟ ಸೂಚನೆಗಳನ್ನು ಗೇಟಿನ ಬಳಿಯೂ ಮಲಗುವ ಕೋಣೆಯ ಬಳಿಯೂ ಹಚ್ಚಿದ್ದೇವೆ. ಆಪ್ತಸಮಾಲೋಚಕಿಯ ಜೊತೆ ಮೊದಲ ವಾರ ಪ್ರತಿ ಭೇಟಿಯಲ್ಲೂ ಮಾತನಾಡದೆ ಪಕ್ಕದಲ್ಲಿ ಕುಳಿತೆ, ಎರಡನೆಯ ವಾರ ಬಾಗಿಲ ಹೊರಗೆ ಕುಳಿತೆ, ಈ ವಾರ ಕಚೇರಿಯಲ್ಲೇ ಇದ್ದೇನೆ. ತನ್ನ ತಂದೆಗಿಂತ ಹಿರಿಯರಾದ ನಿವಾಸಿಗಳು ತನ್ನ ಮಾತು ಕೇಳುತ್ತಾರೆಯೇ ಎಂಬುದೇ ಅವಳ ಭಯವಾಗಿತ್ತು ಎಂದು ಆಗ ತಿಳಿಯಿತು. ನಿನ್ನೆ ಎರಡೇ ಕಡತಗಳನ್ನು ತಂದಿದ್ದಳು.

ವರದಿಯ ವಿಷಯ ನಾನು ಎಣಿಸದ ರೀತಿಯಲ್ಲಿ ಪರಿಹಾರವಾಯಿತು. ಹಿರಿಯ ಸಹೋದರರು ಸಂಜೆಯ ಸಭೆ ಮುಗಿದ ಮೇಲೆ ಬಾಯಲ್ಲಿ ಹೇಳುತ್ತಾರೆ, ಆ ಯುವಕ ಬರೆದುಕೊಳ್ಳುತ್ತಾನೆ, ಕೊನೆಗೆ ಓದಿ ಹೇಳಿದ ಮೇಲೆ ಇವರು ಸಹಿ ಹಾಕುತ್ತಾರೆ. ಮೊನ್ನೆಯ ಹಾಳೆಯಲ್ಲಿ ಸಹಿಯ ಕೆಳಗೆ ಇನ್ನೊಂದು ಸಾಲು ಬೇರೆ ಕೈಬರಹದಲ್ಲಿ, ದೊಡ್ಡ ದೊಡ್ಡ ಅಕ್ಷರಗಳಲ್ಲಿ ಇತ್ತು: "ಏಳನೇ ಹಾಸಿಗೆಯವರು ಇವತ್ತು ಊಟ ಮಾಡಿದರು."