ಏರ್‌ಬೋರ್ನ್ ಪಡೆ ‘ವಾಯುಪಡೆ’ ಆಗುತ್ತದೆಯೇ?

ಪ್ರಶ್ನೆ, ಉಡುಪಿಯಿಂದ: ಕರಡು ತಿದ್ದುವಾಗ ಸಿಕ್ಕಿದ ವಾಕ್ಯ: ‘2022ರ ಫೆಬ್ರವರಿ 24ರಂದು ರಷ್ಯಾದ ವಾಯುಪಡೆಯ ಯೋಧರು ಕೀವ್ ಬಳಿಯ ಹಾಸ್ಟೊಮೆಲ್ ವಿಮಾನ ನಿಲ್ದಾಣಕ್ಕೆ ಧುಮುಕಿದರು.’ ಮೂಲದಲ್ಲಿರುವುದು ‘ಏರ್‌ಬೋರ್ನ್ ಟ್ರೂಪ್ಸ್’, ಅಂದರೆ ವಿಮಾನ, ಹೆಲಿಕಾಪ್ಟರಿನಲ್ಲಿ ಬಂದು ಇಳಿಯುವ ಸೈನಿಕರು. ‘ಛತ್ರಿ ಸೈನಿಕರು’ ಎನ್ನೋಣವೆಂದರೆ ಅವರು ಬಂದದ್ದು ಹೆಲಿಕಾಪ್ಟರಿನಲ್ಲಿ. ಏನು ಹಾಕುವುದು? ‘ಡ್ರಾಪ್ ಝೋನ್’, ‘ಸ್ಟ್ಯಾಟಿಕ್ ಲೈನ್’ಗೂ ಕನ್ನಡ ಬೇಕು.

ಉತ್ತರ, ಮಂಗಳೂರಿನಿಂದ: ‘ವಾಯುಪಡೆ’ ಖಂಡಿತ ತಪ್ಪು. ವಿಮಾನ ವಾಯುಪಡೆಯದ್ದು, ಅದರಿಂದ ಇಳಿಯುವವರು ಪದಾತಿಗಳು. ನಮ್ಮ ಪ್ಯಾರಾಚೂಟ್ ರೆಜಿಮೆಂಟ್ ಭೂಸೇನೆಗೆ ಸೇರಿದ್ದು. ರಷ್ಯಾದಲ್ಲಿ ಅದು ಬೇರೆಯೇ ಒಂದು ದಳ. ನಿಘಂಟಿನ ಮಾದರಿಯ ‘ವಾಯುವಾಹಿತ’ವೂ ಬೇಡ ಮಾರಾಯ್ರೆ, ಓದಿದವರಿಗೆ ಗಾಳಿಯಲ್ಲಿ ಹರಡುವ ಕ್ಷಯರೋಗ ನೆನಪಾದೀತು.

ನನ್ನ ಮಟ್ಟಿಗೆ ಪಡೆಯ ಹೆಸರು ‘ಪ್ಯಾರಾ ಪಡೆ’ ಎಂದಿರಲಿ, ಹೇಗೆ ಬಂದರು ಎಂಬುದನ್ನು ಕ್ರಿಯಾಪದ ಹೇಳಲಿ. 1971ರ ಡಿಸೆಂಬರ್ 11ರಂದು, ಬಾಂಗ್ಲಾ ಯುದ್ಧದಲ್ಲಿ, ಟಾಂಗೈಲ್‌ನಲ್ಲಿ ನಮ್ಮ 2ನೇ ಪ್ಯಾರಾ ಬೆಟಾಲಿಯನ್ ಪೂಂಗ್ಲಿ ಸೇತುವೆ ಹಿಡಿದು, ಢಾಕಾ ಕಡೆಗೆ ಹಿಂದೆ ಸರಿಯುವ ಪಾಕಿಸ್ತಾನಿ ಸೈನಿಕರ ದಾರಿ ಮುಚ್ಚಲು ‘ಧುಮುಕಿತು’. 1988ರ ನವೆಂಬರ್ 3ರ ರಾತ್ರಿ ಮಾಲ್ಡೀವ್ಸ್‌ನ ಹುಲುಲೆಯಲ್ಲಿ ಅದೇ ಜಾತಿಯ ಸೈನಿಕರು ಕೊಡೆ (ಪ್ಯಾರಾಚೂಟ್) ಬಿಚ್ಚಲೇ ಇಲ್ಲ, ಐಎಲ್-76 ಸಾಗಣೆ ವಿಮಾನ ರನ್‌ವೇಯಲ್ಲಿ ನಿಂತ ಮೇಲೆ ‘ಬಂದಿಳಿದರು’. ಹಾಸ್ಟೊಮೆಲ್‌ನಲ್ಲಿ ‘ಹೆಲಿಕಾಪ್ಟರಿನಲ್ಲಿ ಇಳಿದರು’. ಅಲ್ಲಿ ಈ ವ್ಯತ್ಯಾಸವೇ ಕಥೆ. ಮೊದಲ ತಂಡ ರನ್‌ವೇ ಹಿಡಿಯಬೇಕು, ಹಿಂದಿನಿಂದ ಐಎಲ್-76ಗಳು ಜನ, ಭಾರಿ ಸಾಮಾನು ತರಬೇಕು. ರನ್‌ವೇ ಭದ್ರವಾಗಿ ಕೈಗೆ ಸಿಗಲಿಲ್ಲ, ಆ ವಿಮಾನಗಳು ಇಳಿಯಲಿಲ್ಲ. ‘ಧುಮುಕಿದರು’ ಎಂದು ಬರೆದರೆ ರನ್‌ವೇ ಯಾಕೆ ಬೇಕಿತ್ತು ಎಂಬುದೇ ಓದುಗರಿಗೆ ತಿಳಿಯುವುದಿಲ್ಲ.

ಸ್ಟ್ಯಾಟಿಕ್ ಲೈನ್ ಅನ್ನು ‘ಸ್ಥಿರ ರೇಖೆ’ ಮಾಡಬೇಡಿ, ಅದು ರೇಖಾಗಣಿತ. ವಿಮಾನದೊಳಗಿನ ತಂತಿಗೆ ಕೊಕ್ಕೆ ಹಾಕಿದ ಪಟ್ಟಿ ಅದು. ಸೈನಿಕ ಹಾರಿದಾಗ ಕೊಡೆಯನ್ನು ಚೀಲದಿಂದ ಎಳೆದು ಬಿಚ್ಚುತ್ತದೆ. ‘ಎಳೆಪಟ್ಟಿ’ ಸಾಕು. ಸಾಮೂಹಿಕ ಧುಮುಕು ಸಾಮಾನ್ಯವಾಗಿ ಸಾವಿರ ಅಡಿಯ ಆಸುಪಾಸಿನಿಂದ, ಕೈಯಾರೆ ಬಿಚ್ಚುತ್ತ ಕೂರಲು ಹೊತ್ತಿಲ್ಲ.

ಡ್ರಾಪ್ ಝೋನ್ ಅಂದರೆ ಹಾರಿದವರು ಬಂದು ಬೀಳುವ ಜಾಗ. ಅದಕ್ಕೆ ‘ಇಳಿಬಯಲು’ ಎನ್ನಬಹುದು. ‘ಬಿಂದು’ ಎಂದು ಬರೆಯುವವರು ಒಂದು ಲೆಕ್ಕ ಹಾಕಲಿ: ಗಂಟೆಗೆ 220 ಕಿ.ಮೀ. ವೇಗದ ವಿಮಾನ ಸೆಕೆಂಡಿಗೆ ಸುಮಾರು 60 ಮೀಟರ್ ಮುಂದೆ ಹೋಗಿರುತ್ತದೆ. ಸೆಕೆಂಡಿಗೊಬ್ಬರಂತೆ 30 ಜನ ಹಾರಿದರೆ ಮೊದಲನೆಯವನಿಗೂ ಕೊನೆಯವನಿಗೂ ನಡುವೆ ಒಂದೂಮುಕ್ಕಾಲು ಕಿ.ಮೀ. ಇದು ಗಾಳಿಯ ತಳ್ಳಾಟ ಸೇರಿಸದೆ. ಕೆಳಗೆ ಬಂದವರ ಮೊದಲ ಕೆಲಸ ಯುದ್ಧವಲ್ಲ, ಒಟ್ಟುಗೂಡುವುದು. 1941ರ ಮೇ ತಿಂಗಳಲ್ಲಿ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಧುಮುಕಿದ ಜರ್ಮನರ ರೈಫಲ್‌ಗಳು ಹೆಚ್ಚಾಗಿ ಬೇರೆ ಪೆಟ್ಟಿಗೆಗಳಲ್ಲಿ ಬಿದ್ದವು. ಪಿಸ್ತೂಲು ಹಿಡಿದು ಪೆಟ್ಟಿಗೆ ಹುಡುಕುವಾಗಲೇ ಅನೇಕರು ಸತ್ತರು.

ಇನ್ನು ‘ಲಿಂಕ್-ಅಪ್’. ನೆಲದ ಪಡೆ ಬಂದು ಕೂಡಿಕೊಳ್ಳುವುದು. ‘ಸಂಪರ್ಕ ಸಾಧಿಸಿತು’ ಎಂದರೆ ಫೋನ್ ಮಾಡಿದ ಹಾಗೆ ಕೇಳುತ್ತದೆ. ‘ಕೂಡಿಕೊಂಡಿತು’ ಎನ್ನಿ. 1944ರ ಸೆಪ್ಟೆಂಬರಿನಲ್ಲಿ ನೆದರ್‌ಲ್ಯಾಂಡ್ಸ್‌ನ ಆರ್ನೆಮ್ ಸೇತುವೆ ಹಿಡಿದ ಬ್ರಿಟಿಷ್ ಪ್ಯಾರಾಗಳನ್ನು ನೆಲದ ಪಡೆ ಕೂಡಿಕೊಳ್ಳಲಾಗಲಿಲ್ಲ, ಸೇತುವೆ ಜರ್ಮನರ ಪಾಲಾಯಿತು.

ಸೇರ್ಪಡೆ, ಉಡುಪಿಯ ಇನ್ನೊಬ್ಬರಿಂದ: ‘ಇಳಿಬಯಲು’ ಘಟ್ಟದ ಮೇಲಿನವರಿಗೆ ಸರಿ. ನಮ್ಮಲ್ಲಿ ಬೈಲು ಅಂದರೆ ನೀರು ನಿಲ್ಲುವ ತಗ್ಗುಗದ್ದೆ. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ, ನೀರು ತುಂಬಿದ ಮೆರ್ಡರೆ ನದಿಯ ಬಯಲಿಗೆ ಬಿದ್ದ ಅಮೆರಿಕದ ಪ್ಯಾರಾಗಳು ಹೊರೆಯ ಭಾರಕ್ಕೆ ಎದ್ದೇಳಲಾಗದೆ ಮುಳುಗಿದ್ದು ಇಂಥ ಜಾಗದಲ್ಲೇ. ನಿಲ್ದಾಣ, ತಂಗುದಾಣದ ಸಾಲಿನಲ್ಲಿ ‘ಇಳಿದಾಣ’ ಎಂದರಾಗದೇ?