ಡಿಸೆಬಿಲಿಟಿ ಪಿಂಚಣಿ: ಮೊದಲ ಅಪೀಲು ವಜಾ ಆಯ್ತು, ಕೊಚ್ಚಿಗೆ ಹೋಗಿ ಬಂದವರು ಅನುಭವ ಹೇಳಿ

ಗನ್ನರ್ ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ಆರ್ಟಿಲರಿಯಲ್ಲಿದ್ದೆ, ಹವಾಲ್ದಾರ್ ಆಗಿ 2021ರಲ್ಲಿ ಪಿಂಚಣಿಗೆ ಬಂದೆ. ರಿಲೀಸ್ ಮೆಡಿಕಲ್ ಬೋರ್ಡಿನಲ್ಲಿ (ಬಿಡುಗಡೆಗೆ ಮುಂಚಿನ ವೈದ್ಯಕೀಯ ತಪಾಸಣೆ) ಬಿಪಿಗೆ 30 ಪರ್ಸೆಂಟ್ ಊನ, ಜೀವನಪರ್ಯಂತ ಅಂತ ಬರೆದರು. ಆದರೆ ಇದು ಸರ್ವಿಸಿನಿಂದ ಬಂದದ್ದಲ್ಲ, ಸರ್ವಿಸಿನಿಂದ ಜಾಸ್ತಿಯೂ ಆಗಿಲ್ಲ ಅಂತ ಕೆಳಗೆ ಷರಾ. ಅಪೀಲು ಹಾಕಿದ್ದೆ, ಈಗ ವಜಾ ಆಗಿ ಕಾಗದ ಬಂದಿದೆ. ಎರಡನೇ ಅಪೀಲು ಹಾಕಲೋ, ನೇರ ಕೊಚ್ಚಿಯ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್ಲಿಗೆ ಹೋಗಲೋ? ವಕೀಲರು ಬೆಂಗಳೂರಿನವರು ಸಾಕಾ, ಕೊಚ್ಚಿಯವರೇ ಬೇಕಾ? ಖರ್ಚು ಎಷ್ಟಾಗುತ್ತೆ? ಕೊಡಗಿನಿಂದ ಹೋದವರು ದಯವಿಟ್ಟು ಹೇಳಿ.

ಸುಬೇದಾರ್ ಪೊನ್ನಂಪೇಟೆ

ಕೊಚ್ಚಿ ವಕೀಲರನ್ನೇ ಹಿಡಿಯಿರಿ. ಬೇರೆ ಮಾತೇ ಬೇಡ.

ನನ್ನದು ಶುಗರ್, 20 ಪರ್ಸೆಂಟ್. 2009ರಲ್ಲಿ ಮನೆಗೆ ಬಂದೆ. ಆಗ ಕೇಳಿದವರೆಲ್ಲ ಶುಗರಿಗೆ ಯಾರೂ ಕೊಡೋದಿಲ್ಲ, ಸುಮ್ನೆ ಓಡಾಡಬೇಡ ಅಂದರು. 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತಲ್ಲ, ಪೂರ್ತಿ ಸರ್ವಿಸ್ ಮುಗಿಸಿ ಬಂದವರಿಗೂ ಬ್ರಾಡ್ ಬ್ಯಾಂಡಿಂಗ್ (ಊನದ ಪರ್ಸೆಂಟನ್ನು ಮೇಲಿನ ಹಂತಕ್ಕೆ ಏರಿಸಿ ಲೆಕ್ಕ ಹಾಕೋದು) ಕೊಡಬೇಕು ಅಂತ, ಅದು ನನ್ನ ಕಿವಿಗೆ ಬಿದ್ದದ್ದೇ ತಡವಾಗಿ. 2017ರಲ್ಲಿ ಕೇಸು ಹಾಕಿದೆ. ವಕೀಲರಿಗೆ 35,000, ಎರಡು ಕಂತಿನಲ್ಲಿ. ಟೈಪಿಂಗ್, ಜೆರಾಕ್ಸ್, ಬೈಂಡಿಂಗ್ ಸೇರಿ 4,200. ಎಲ್ಲ ದಾಖಲೆಗೂ ಸೆಟ್ ಮೇಲೆ ಸೆಟ್ ಬೇಕು, ಒಂದು ಪುಟ ಮಸುಕಾಗಿದ್ದರೂ ವಾಪಸ್ ಬರುತ್ತೆ, ಮತ್ತೆ ಟೈಪ್ ಮಾಡಿಸಬೇಕು. ನೋಟರಿಗೆ ಬೇರೆ. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ಮೇಲೆ ಕಣ್ಣೂರು, ಅಲ್ಲಿಂದ ಎರ್ನಾಕುಳಂಗೆ ರೈಲು. ಮಳೆಗಾಲದಲ್ಲಿ ಘಾಟಿ ಬಂದ್ ಆದಾಗ ಮಾನಂದವಾಡಿ ಕಡೆಯಿಂದ ಸುತ್ತಿ ಹೋಗಿದ್ದೇನೆ. ಲಾಡ್ಜಿಗೆ ರಾತ್ರಿಗೆ 900, ಕಾಫಿ ಕುಯ್ಯುವ ಕಾಲದಲ್ಲಿ ತೋಟ ಬಿಟ್ಟು ಹೋದದ್ದಕ್ಕೆ ಆಳುಗಳ ಮೇಲೆ ನೋಡಿಕೊಳ್ಳಲು ಇನ್ನೊಬ್ಬರಿಗೆ ಕೂಲಿ. ಇದೆಲ್ಲ ಯಾರೂ ಲೆಕ್ಕ ಹೇಳೋದಿಲ್ಲ.

ಗೆದ್ದೆ. 20 ಪರ್ಸೆಂಟ್ 50 ಆಯ್ತು. ಆದರೆ ತೀರ್ಪು ಬಂದ ಮೇಲೆ ದುಡ್ಡು ಬರುತ್ತೆ ಅಂತ ಯಾರೂ ತಿಳಿಯಬೇಡಿ. ಆದೇಶ ಜಾರಿ ಮಾಡಿಸಲು ಇನ್ನೊಂದು ಅರ್ಜಿ ಹಾಕಬೇಕಾಯ್ತು, ಅದಕ್ಕೆ 12,000. ಕೊನೆಗೆ ಬಾಕಿ ಕೊಟ್ಟದ್ದು ಕೇಸು ಹಾಕಿದ ದಿನಕ್ಕಿಂತ ಹಿಂದಿನ 3 ವರ್ಷದ್ದು ಮಾತ್ರ. ತರಸೇಮ್ ಸಿಂಗ್ ಕೇಸಿನ 2008ರ ತೀರ್ಪು ತೋರಿಸಿ ಉಳಿದದ್ದನ್ನು ಕತ್ತರಿಸಿದರು. 2009ರಿಂದ 2014ರವರೆಗಿನದು ಹೋಯ್ತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತೆ.

ನಾಯಕ್ ಶನಿವಾರಸಂತೆ

ಕೊಚ್ಚಿ ವಕೀಲ ಕೊಚ್ಚಿ ವಕೀಲ ಅಂತ ಹೇಳಿ ಜನರನ್ನು ಹಳ್ಳಕ್ಕೆ ದೂಡಬೇಡಿ ಸಾಬ್. ನಾನು ಹಿಡಿದದ್ದೂ ಅಂಥವರನ್ನೇ, ಒಬ್ಬ ಮಧ್ಯಸ್ಥ ಹೇಳಿ ಕಳಿಸಿದ್ದು. "ಮೊದಲು ಒಂದು ಪೈಸೆ ಬೇಡ, ಗೆದ್ದರೆ ಮಾತ್ರ ಬಾಕಿಯಲ್ಲಿ ನೂರಕ್ಕೆ 30" ಅಂದರು. ಕೈಯಲ್ಲಿ ದುಡ್ಡಿಲ್ಲದವನಿಗೆ ಇದು ಎಷ್ಟು ಚೆನ್ನಾಗಿ ಕೇಳಿಸುತ್ತೆ ಗೊತ್ತಾ? ಸಹಿ ಹಾಕಿದ ಖಾಲಿ ಚೆಕ್ ತಗೊಂಡರು. ಬಾಕಿ 4,10,000 ಬಂತು, ಮರುದಿನವೇ ಫೋನ್. 1,23,000 ಕೊಟ್ಟೆ. ಅದರ ಮೇಲೆ "ಆಫೀಸು ಖರ್ಚು" ಅಂತ 15,000. ರಸೀದಿ ಕೇಳಿದರೆ ಫೋನ್ ಎತ್ತುವುದಿಲ್ಲ. ಆ ದುಡ್ಡಿನಲ್ಲಿ ಮನೆಯ ಹಿಂದಿನ ಮಣ್ಣಿನ ಬರೆಗೆ (ಕಡಿದಾದ ಇಳಿಜಾರು) ತಡೆಗೋಡೆ ಕಟ್ಟಬೇಕಿತ್ತು, 2018ರ ಮಳೆಯಿಂದ ಹಾಗೇ ನಿಂತಿದೆ.

ಆಮೇಲೆ ಗೊತ್ತಾದದ್ದು: ಗೆದ್ದರೆ ಇಷ್ಟು ಪಾಲು ಅಂತ ವಕೀಲರು ಫೀಸು ಮಾತಾಡುವಂತೆಯೇ ಇಲ್ಲ, ಬಾರ್ ಕೌನ್ಸಿಲ್ ನಿಯಮದಲ್ಲೇ ನಿಷೇಧ ಇದೆ. ಪರ್ಸೆಂಟ್ ಮಾತು ಬಂದ ಕೂಡಲೇ ಎದ್ದು ಬನ್ನಿ. ಖಾಲಿ ಚೆಕ್ ಸತ್ತರೂ ಕೊಡಬೇಡಿ.

ಸಿಗ್ನಲ್ಸ್ ನಾಪೋಕ್ಲು

ವಕೀಲರೇ ಯಾಕೆ? ಟ್ರಿಬ್ಯೂನಲ್ ಕಾಯ್ದೆ 2007, ಸೆಕ್ಷನ್ 25 ಓದಿ. ಅರ್ಜಿದಾರ ತಾನೇ ನಿಂತು ವಾದ ಮಾಡಬಹುದು. ನಾನು ಮಾಡಿದ್ದೇನೆ, ಗೆದ್ದಿದ್ದೇನೆ. ಎಲ್ಲ ಸೇರಿ ಒಟ್ಟು 9,000 ಕೂಡ ಆಗಿಲ್ಲ, ಅದರಲ್ಲಿ ಹೆಚ್ಚಿನದು ರೈಲು ಮತ್ತು ಜೆರಾಕ್ಸ್.

ಕೆಲಸ ಇರೋದು ದಾಖಲೆಯಲ್ಲಿ. ಮೊದಲು ಸರ್ವಿಸ್ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿಗೆ ಆರ್‌ಟಿಐ ಹಾಕಿ, ಫೀಸು 10 ರೂಪಾಯಿ. ಮೂರು ಕಾಗದ ಕೇಳಿ: ಭರ್ತಿಯಾದಾಗಿನ ಮೆಡಿಕಲ್ ಫಾರಂ, ಕಾಯಿಲೆ ಮೊದಲು ಪತ್ತೆಯಾದಾಗಿನ ಕೆಟಗರಿ (ಆರೋಗ್ಯದ ದರ್ಜೆ) ಬೋರ್ಡ್, ರಿಲೀಸ್ ಮೆಡಿಕಲ್ ಬೋರ್ಡಿನ ಪೂರ್ತಿ ಪ್ರತಿ. ಪೂರ್ತಿ ಅಂತ ಬರೆಯಿರಿ, ಇಲ್ಲದಿದ್ದರೆ ಕೊನೆಯ ಪುಟ ಮಾತ್ರ ಕಳಿಸುತ್ತಾರೆ. ನನಗೆ ಮೊದಲ ಸಲ "ಹುಡುಕಿದೆವು, ಸಿಗಲಿಲ್ಲ" ಅಂತ ಉತ್ತರ. ಮೇಲ್ಮನವಿ ಹಾಕಿದ ಮೇಲೆ ಅದೇ ಕಾಗದ ಸಿಕ್ಕಿತು! ಭರ್ತಿ ಫಾರಂನಲ್ಲಿ ಕಾಯಿಲೆ ಏನೂ ಬರೆದಿಲ್ಲ ಅಂದರೆ ಅರ್ಧ ಕೇಸು ಅಲ್ಲೇ ಮುಗೀತು. ಧರಮ್‌ವೀರ್ ಸಿಂಗ್ ಕೇಸಿನಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದೇ. ಸೇರುವಾಗ ಗಟ್ಟಿಯಾಗಿದ್ದವನಿಗೆ ಆಮೇಲೆ ಬಂದ ಕಾಯಿಲೆ ಸರ್ವಿಸಿನಿಂದಲೇ ಬಂದದ್ದು ಅಂತ ಹಿಡಿಯಬೇಕು, ಅಲ್ಲ ಅನ್ನುವುದಾದರೆ ಅದನ್ನು ತೋರಿಸುವ ಹೊಣೆ ಸರ್ಕಾರದ್ದು. ಬೋರ್ಡು ಕಾರಣ ಬರೆಯದೆ ಒಂದು ಸಾಲಿನಲ್ಲಿ "ಸಂಬಂಧ ಇಲ್ಲ" ಅಂದರೆ ಅದು ನಿಲ್ಲೋದಿಲ್ಲ.

ಇಷ್ಟು ಓದಲು ಬರುವವರು 35,000 ಯಾಕೆ ಸುರಿಯಬೇಕು?

ಸುಬೇದಾರ್ ಪೊನ್ನಂಪೇಟೆ

ಸುರಿಯೋದು ಅಂತ ಮಾತಾಡಬೇಡಿ. ನಾನು ಹತ್ತನೇ ಕ್ಲಾಸಿಗೆ ಬಿಟ್ಟು ಭರ್ತಿಯಾದವನು. ಅಲ್ಲಿ ಎಲ್ಲ ಇಂಗ್ಲಿಷಿನಲ್ಲಿ ನಡೆಯುತ್ತೆ. ಎದುರುಗಡೆ ಸರ್ಕಾರಿ ವಕೀಲರು ಎದ್ದು ಒಂದು ಸರ್ಕ್ಯುಲರ್ ನಂಬರ್ ಹೇಳಿದರೆ ನಾನು ಏನು ಉತ್ತರ ಕೊಡಲಿ? ನೀವು ಸಿಗ್ನಲ್ಸಿನಲ್ಲಿ ಕ್ಲರ್ಕ್ ಇದ್ದವರು, ಡ್ರಾಫ್ಟಿಂಗ್ ನಿಮಗೆ ನೀರು ಕುಡಿದ ಹಾಗೆ. ಎಲ್ಲರೂ ಹಾಗಿರೋದಿಲ್ಲ. ಗೆದ್ದ ದುಡ್ಡು ತಿಂಗಳು ತಿಂಗಳು ಬರ್ತಾ ಇದೆ. 35,000 ನನಗೆ ಹೊರೆ ಅಲ್ಲ.

ಸಿಗ್ನಲ್ಸ್ ನಾಪೋಕ್ಲು

ನಾನು ಕ್ಲರ್ಕ್ ಅಲ್ಲ, ಲೈನ್‌ಮ್ಯಾನ್. ಗೊತ್ತಿಲ್ಲದೆ ಹೇಳಬೇಡಿ.

ಕಾರ್ಗಿಲ್ ವಿರಾಜಪೇಟೆ

ಬೇಜಾರಾದರೂ ಹೇಳ್ತೇನೆ. ನನ್ನ ಎಡಗಾಲಿನಲ್ಲಿ 1999ರ ಕಾರ್ಗಿಲ್ ಯುದ್ಧದ ಚೂರು ಇನ್ನೂ ಇದೆ. ಚಳಿಗಾಲದಲ್ಲಿ ಕರಿಮೆಣಸಿನ ಏಣಿ ಹತ್ತಲು ಆಗೋದಿಲ್ಲ. ಇಲ್ಲಿ ನೋಡಿದರೆ ಬಿಪಿ, ಶುಗರ್. ಪಿಂಚಣಿಗೆ ಬರುವ ಕೊನೆಯ ವರ್ಷ ಎಲ್ಲರಿಗೂ ಬಿಪಿ ಬರುತ್ತೆ. ಹೀಗೆ ಸಾಲು ನಿಂತದ್ದಕ್ಕೇ 2023ರ ಸೆಪ್ಟೆಂಬರಿನಲ್ಲಿ ಹೊಸ ನಿಯಮ ತಂದು ಬಿಗಿ ಮಾಡಿದರು. ಈಗ ನಿಜವಾಗಿ ಪೆಟ್ಟು ಬಿದ್ದ ಹುಡುಗರೂ ಅನುಭವಿಸಬೇಕು.

ಯುದ್ಧದ ಗಾಯದ ಲೆಕ್ಕವೇ ಬೇರೆ ಅನ್ನೋದು ಗೊತ್ತು. ನೂರಕ್ಕೆ ನೂರು ಊನ ಇದ್ದರೆ ನಮಗೆ ಕೊನೆಯ ಸಂಬಳದ 60 ಪರ್ಸೆಂಟ್, ನಿಮಗೆ 30. ಆದರೆ ಅದನ್ನು ಪಡೆಯಲು ನಾನು ಪಟ್ಟ ಪಾಡು ಕೇಳಿ. ಗಾಯದ ರಿಪೋರ್ಟಿನಲ್ಲಿ ಯಾರೋ "ಎಡ" ಬದಲು "ಬಲ" ಅಂತ ಬರೆದಿದ್ದರು. ಆ ಒಂದು ಅಕ್ಷರ ಸರಿಮಾಡಿಸಲು ಯೂನಿಟ್, ರೆಕಾರ್ಡ್ಸ್, ಆಸ್ಪತ್ರೆ, ಮತ್ತೆ ಯೂನಿಟ್. ಎಕ್ಸ್‌ರೇ, ಸ್ಪೆಷಲಿಸ್ಟ್ ಅಂತ ಕೈಯಿಂದ 18,000 ಹೋಯ್ತು. ಕಾಲು ಬಿಚ್ಚಿ ತೋರಿಸಿದರೂ ಕಾಗದ ಬೇಕು ಅಂದರು.

ಸಿಗ್ನಲ್ಸ್ ನಾಪೋಕ್ಲು

ನಿಮ್ಮ ಕಾಲಿಗೆ ಸೆಲ್ಯೂಟ್ ಅಣ್ಣ. ಆದರೆ ಬಿಪಿ ಅಂದರೆ ನಾಟಕ ಅಂತ ಹೇಳುವ ಹಕ್ಕು ನಿಮಗಿಲ್ಲ. 14,000 ಅಡಿಯಲ್ಲಿ ಲೈನ್ ಎಳೆದು, ನಿದ್ದೆ ಕೆಟ್ಟು, ಮಕ್ಕಳ ಮುಖ ನೋಡದೆ ಇದ್ದವನಿಗೆ ಬರುವ ಬಿಪಿ ಯಾವ ಲೆಕ್ಕ? ಶಾಂತ ಸ್ಟೇಷನ್ನಿನಲ್ಲಿ (ಪೀಸ್ ಸ್ಟೇಷನ್, ಯುದ್ಧದ ಜಾಗ ಅಲ್ಲದ್ದು) ಬಂದ ಕಾಯಿಲೆಯೂ ಸರ್ವಿಸಿನ ಒತ್ತಡದಿಂದ ಬಂದಿರಬಹುದು ಅಂತ ದೆಹಲಿ ಹೈಕೋರ್ಟ್ 2025ರಲ್ಲಿ ಹೇಳಿದೆ. ಅದೂ ಶುಗರ್ ಕೇಸಿನಲ್ಲೇ. 2023ರ ನಿಯಮ ಆ ತಾರೀಖಿನ ನಂತರ ಬಂದವರಿಗೆ. ಗನ್ನರ್ 2021ರವರು, ಅವರಿಗೆ ಹಳೆಯ 2008ರ ನಿಯಮ. ಸುಮ್ನೆ ಹೆದರಿಸಬೇಡಿ.

ಕಾರ್ಗಿಲ್ ವಿರಾಜಪೇಟೆ

ನಾನು ನಾಟಕ ಅಂದಿಲ್ಲ. ಅಂದದ್ದನ್ನು ಸರಿಯಾಗಿ ಓದಿ. ಕ್ಯಾಂಟೀನ್ ಸಾಲಿನಲ್ಲಿ ನಿಂತು "ಕೊನೆಗೆ ಕೆಟಗರಿ ಮಾಡಿಸಿಕೋ, ತಿಂಗಳಿಗೆ ಇಷ್ಟು ಬರುತ್ತೆ" ಅಂತ ಹೊಸ ಹುಡುಗರಿಗೆ ಹೇಳಿಕೊಡುವವರನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಕುಶಾಲನಗರ ಅಕ್ಕ

ನೀವೆಲ್ಲ ಗೆದ್ದವರು, ಯಾರ ದುಡ್ಡು ದೊಡ್ಡದು ಅಂತ ಜಗಳ ಆಡ್ತಿದ್ದೀರಿ. ನಾವು ಸೋತೆವು.

ನಮ್ಮ ಯಜಮಾನರು ರಜೆಯಲ್ಲಿ ಬಂದಾಗ ಬೈಕಿನಲ್ಲಿ ಬಿದ್ದರು. ಸೊಂಟ, ಬಲಗಾಲು. ಪುತ್ತರಿ ಹಬ್ಬಕ್ಕೆ ಸಾಮಾನು ತರಲು ಹೋಗಿದ್ದು. 40 ಪರ್ಸೆಂಟ್ ಕೊಟ್ಟರು, ಆದರೆ ಸರ್ವಿಸಿಗೆ ಸಂಬಂಧ ಇಲ್ಲ. ವಕೀಲರು "ರಜೆಯೂ ಡ್ಯೂಟಿಯೇ, ಖಂಡಿತ ಆಗುತ್ತೆ" ಅಂತ 28,000 ತಗೊಂಡರು. ಎಂಆರ್‌ಐ ಹೊಸದಾಗಿ ಬೇಕು ಅಂದರು, 7,500. ಅವರಿಗೆ ಬಸ್ಸಿನಲ್ಲಿ ಕೂರಲು ಆಗದೆ ಕೊಚ್ಚಿಗೆ ಬಾಡಿಗೆ ಕಾರು, ಒಂದು ಸಲಕ್ಕೆ 14,000. ಹೋದ ದಿನ ವಾಯಿದೆ. ಕೊನೆಗೆ ವಜಾ. ರಜೆಯಲ್ಲಿ ಸ್ವಂತ ಕೆಲಸಕ್ಕೆ ಹೋದಾಗ ಆದ ಅಪಘಾತಕ್ಕೂ ಸೈನ್ಯದ ಕೆಲಸಕ್ಕೂ ಏನಾದರೂ ನಂಟು ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿತ್ತಂತೆ. ಇದು ಆ ವಕೀಲರಿಗೆ ಗೊತ್ತಿರಲಿಲ್ವಾ? ಗೊತ್ತಿದ್ದೂ ದುಡ್ಡು ತಗೊಂಡರಾ? ಯೂನಿಟ್ಟಿನಿಂದ ಮನೆಗೆ ಬರುವ ದಾರಿಯಲ್ಲಿ ಬಿದ್ದಿದ್ದರೆ ಬೇರೆ ಮಾತಿತ್ತಂತೆ. ಮನೆಗೆ ಬಂದು ಎರಡು ದಿನ ಆದ ಮೇಲೆ ಬಿದ್ದದ್ದು ನಮ್ಮ ಹಣೆಬರಹ.

ಇನ್ನೊಂದು ವಿಷಯ ನನ್ನನ್ನು ಇನ್ನೂ ಚುಚ್ಚುತ್ತೆ. ಅಂಗವಿಕಲರಿಗೆ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಪುಕ್ಕಟೆ. ಹಾಗಂತ 1987ರ ಕಾಯ್ದೆಯಲ್ಲೇ ಇದೆ. ನಮಗೆ ಯಾರೂ ಒಂದು ಮಾತು ಹೇಳಲಿಲ್ಲ. 2025ರ ಜುಲೈಯಲ್ಲಿ ಸೈನಿಕರ ಕುಟುಂಬಕ್ಕೆ ಅಂತಲೇ ನಾಲ್ಸಾದವರು (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ವೀರ್ ಪರಿವಾರ್ ಯೋಜನೆ ತಂದಿದ್ದಾರೆ, ಸೈನಿಕ ಮಂಡಳಿಯಲ್ಲೇ ಕಾನೂನು ನೆರವು ಕೊಡೋದು. ಮಡಿಕೇರಿಗೆ ಹೋಗಿ ಅದನ್ನು ಮೊದಲು ಕೇಳಿ, ಆಮೇಲೆ ಪರ್ಸು ಬಿಚ್ಚಿ.

ನಾಯಕ್ ಶನಿವಾರಸಂತೆ

ಅಕ್ಕ, ಆ 28,000ಕ್ಕೆ ರಸೀದಿ ಇದ್ದರೆ ಇಟ್ಟುಕೊಳ್ಳಿ. ಟ್ರಿಬ್ಯೂನಲ್ಲಿನ ತೀರ್ಪಿನ ಮೇಲೆ ಹೈಕೋರ್ಟಿಗೆ ರಿಟ್ ಹೋಗಬಹುದು ಅಂತ 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಳ್ಳೆಯವರ ಹತ್ತಿರ ಒಮ್ಮೆ ತೋರಿಸಿ.

ಮತ್ತೆ ಗನ್ನರ್ ಅವರಿಗೆ: ಎರಡನೇ ಅಪೀಲು ಅಂತ ಇನ್ನೊಂದು ವರ್ಷ ಕಳೆಯಬೇಡಿ, ನೇರ ಹೋಗಿ. ಒಂದೊಂದು ತಿಂಗಳೂ ದುಡ್ಡು. ಕೊನೆಯ ಸಂಬಳ 40,000 ಅಂತ ಇಟ್ಟುಕೊಳ್ಳಿ. 30 ಪರ್ಸೆಂಟ್ ಊನ ಬ್ರಾಡ್ ಬ್ಯಾಂಡಿಂಗಿನಲ್ಲಿ 50 ಆಗುತ್ತೆ. ಅಂದರೆ ಸಂಬಳದ 15 ಪರ್ಸೆಂಟ್, ತಿಂಗಳಿಗೆ 6,000, ಮೇಲೆ ಡಿಆರ್ (ಪಿಂಚಣಿಯ ತುಟ್ಟಿಭತ್ಯೆ). 2021ರಿಂದ ಈಗಾಗಲೇ 3 ವರ್ಷ ದಾಟಿದೆ. ತಡ ಮಾಡಿದಷ್ಟೂ ಹಿಂದಿನ ತಿಂಗಳು ಕಳಚಿಕೊಳ್ಳುತ್ತಾ ಹೋಗಬಹುದು.

ಸುಬೇದಾರ್ ಪೊನ್ನಂಪೇಟೆ

ಇದು ತಪ್ಪು ಸಲಹೆ. ಎರಡನೇ ಅಪೀಲು ಹಾಕದೆ ಹೋದವರಿಗೆ "ಇರುವ ದಾರಿ ಮುಗಿಸಿ ಬನ್ನಿ" ಅಂತ ಸರ್ಕಾರಿ ವಕೀಲರು ತಕರಾರು ತೆಗೆಯುತ್ತಾರೆ. ನನ್ನ ಜೊತೆ ಬಂದ ಒಬ್ಬರಿಗೆ ಹಾಗೇ ಆಯ್ತು, ವಾಪಸ್ ಬಂದು ಅಪೀಲು ಹಾಕಿ ಮತ್ತೆ ಹೋದರು. ಫೀಸು ಎರಡು ಸಲ. 6 ತಿಂಗಳೊಳಗೆ ಎರಡನೇ ಅಪೀಲು ಹಾಕಿ, ಸ್ಪೀಡ್ ಪೋಸ್ಟ್ ರಸೀದಿ ಜೋಪಾನ ಮಾಡಿ.

ನಾಯಕ್ ಶನಿವಾರಸಂತೆ

ಟ್ರಿಬ್ಯೂನಲ್ ಕಾಯ್ದೆ ಸೆಕ್ಷನ್ 21ರಲ್ಲಿ "ಸಾಮಾನ್ಯವಾಗಿ" ಅಂತ ಇದೆ ಸಾಬ್, "ಕಡ್ಡಾಯ" ಅಂತ ಇಲ್ಲ. ನನ್ನ ಕೇಸು ಎರಡನೇ ಅಪೀಲು ಇಲ್ಲದೆಯೇ ತಗೊಂಡರು. ಪರ್ಸೆಂಟ್ ವಿಷಯದಲ್ಲಿ ಆ ವಕೀಲ ಮೋಸ ಮಾಡಿದ, ಇದರಲ್ಲಿ ಮಾಡಲಿಲ್ಲ.

ಸುಬೇದಾರ್ ಪೊನ್ನಂಪೇಟೆ

ನಿಮ್ಮದನ್ನು ತಗೊಂಡರು ಅಂತ ಎಲ್ಲರದೂ ತಗೊಳ್ತಾರಾ? ಗನ್ನರ್ ಅವರೇ, ಎರಡನೇ ಅಪೀಲು ಹಾಕಿ. 6 ತಿಂಗಳು ಉತ್ತರ ಬರದಿದ್ದರೆ ಅದೇ ಸೆಕ್ಷನ್ ಪ್ರಕಾರ ಕಾಯದೆ ಕೇಸು ಹಾಕಬಹುದು. ಆ 6 ತಿಂಗಳಲ್ಲಿ ಆರ್‌ಟಿಐ ಕಾಗದವೂ ಕೈಗೆ ಬಂದಿರುತ್ತೆ. ನಾಯಕ್ ಅವರು ಹೇಳಿದ ಹಾಗೆ ಬರಿಗೈಲಿ ಓಡಿದರೆ ಅಲ್ಲಿ ದಾಖಲೆಗೆ ಅಂತಲೇ ವಾಯಿದೆ ಕೇಳಬೇಕಾಗುತ್ತೆ.

ನಾಯಕ್ ಶನಿವಾರಸಂತೆ

ಬರಿಗೈಲಿ ಹೋಗಿ ಅಂತ ನಾನು ಎಲ್ಲಿ ಹೇಳಿದೆ? ತೋರಿಸಿ.